ಸರ ಹಿಡಿದುಕೊಂಡು ಓಡಿದ್ದು

ನನಗೆ ಓಟ ಕಲಿಸಿದವನು ಒಬ್ಬ ಕಳ್ಳ. ಕಳ್ಳನೇ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದವನು ಅನ್ನಿ. ಆ ತೀರ್ಮಾನಕ್ಕೆ ಬರಲು ನನಗೇನೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ತರಕಾರಿಯವನ ತಕ್ಕಡಿ, ಗ್ಯಾಸ್ ಸಿಲಿಂಡರಿನ ಸೀಲು, ಪಕ್ಕದ ಮನೆಯಾಕೆಯ ನಗು, ಎಲ್ಲದರ ಮೇಲೂ ಅನುಮಾನಪಡುವ ಹೆಂಗಸು ನಾನು. "ನಿನ್ನನ್ನ ಪೊಲೀಸ್ ಸ್ಟೇಷನ್ನಲ್ಲಿ ಕೂರಿಸ್ಬೇಕಿತ್ತು ಕಣೇ" ಎಂದು ನಮ್ಮನೆಯವರು ಹಂಗಿಸುತ್ತಿದ್ದರು. ಹಂಗಿಸಲಿ. ನಮ್ಮ ಮನೆಯಲ್ಲಿ ಇದುವರೆಗೆ ಒಂದು ಚಮಚವೂ ಕಳುವಾಗಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾವು ಬಾಗಲಗುಂಟೆಯಲ್ಲಿದ್ದೆವು. ನಿಮಗೆ ಶುಗರ್ ಬಂದಿದೆ ಎಂದು ಡಾಕ್ಟರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮಮ್ಮನ ಕಾಲು. ಹೊಸ ಚಪ್ಪಲಿ ಕಚ್ಚಿ ಆದ ಸಣ್ಣ ಗಾಯ ಅದು. ಒಣಗಲೇ ಇಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದವನ್ನೇ ತೆಗೆದರು. ಇಲ್ಲದ ಬೆರಳು ನವೆಯಾಗುತ್ತದೆ ಎಂದು ಅಮ್ಮ ಕೊನೆಯವರೆಗೂ ಹಾಸಿಗೆಯನ್ನು ಕೆರೆಯುತ್ತಿದ್ದಳು. ಅದನ್ನು ಕಣ್ಣಾರೆ ಕಂಡ ನನಗೆ ಹೇಗೆ ನಿದ್ದೆ ಬಂದೀತು? "ದಿನಾ ಬೆಳಿಗ್ಗೆ ಬೆವರು ಬರೋ ಹಾಗೆ ನಡೀರಿ. ಕಾಲಿಗೆ ಮಾತ್ರ ಗಾಯ ಮಾಡ್ಕೋಬೇಡಿ" ಎಂದರು ಡಾಕ್ಟರು.

ಪಾರ್ಕಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಅಲ್ಲಿ ಗುಂಪುಕಟ್ಟಿಕೊಂಡು ಸುತ್ತುವ ಹೆಂಗಸರು ಹೊಸ ಮುಖ ಕಂಡ ಕೂಡಲೇ "ಶುಗರ್ರಾ, ಬೀಪೀನಾ?" ಎಂದು ಶುರು ಮಾಡುತ್ತಾರೆ. ಅದಕ್ಕೇ ನಾನು ಪೀಣ್ಯದ ಕಡೆ, ಕಾರ್ಖಾನೆ ಶೆಡ್ಡುಗಳ ನಡುವಿನ ರಸ್ತೆ ಹಿಡಿದೆ. ಬೆಳಗಿನ ಪಾಳಿ ಶುರುವಾಗುವ ಮುಂಚೆ ಅಲ್ಲಿ ಜನವಿಲ್ಲ, ಲಾರಿಯಿಲ್ಲ, ಮೂಲೆಯಲ್ಲಿ ಮಲಗಿದ ನಾಯಿಗಳಷ್ಟೇ. ಜನವಿಲ್ಲ ಎಂಬುದೇ ನಮ್ಮನೆಯವರ ತಕರಾರು. ಸರಗಳ್ಳರ ಸುದ್ದಿ ಇಲ್ಲದ ಪೇಪರೇ ಆಗ ಇರುತ್ತಿರಲಿಲ್ಲ. "ಕತ್ತಿನಲ್ಲಿರೋ ಮಾಂಗಲ್ಯದ ಸರಕ್ಕೆ ಏನಾದ್ರೂ ಆಯ್ತೋ, ವಾಕಿಂಗು ಅವತ್ತಿಗೇ ಬಂದ್. ಟೆರೇಸ್ ಮೇಲೆ ಸುತ್ತು ಹೊಡ್ಕೊಂಡಿರು" ಎಂದು ಖಡಾಖಂಡಿತವಾಗಿ ಹೇಳಿದರು. ನಮ್ಮ ಟೆರೇಸೋ, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ ಬಿಟ್ಟರೆ ಒಂದು ಚಾಪೆಯಷ್ಟು ಜಾಗ. ಅಲ್ಲಿ ಸುತ್ತಿದರೆ ತಲೆ ಸುತ್ತುತ್ತದೆಯೇ ಹೊರತು ಬೆವರು ಬರುವುದಿಲ್ಲ.

ಹಾಗಾಗಿ ಸರವನ್ನು ಚೂಡಿದಾರದ ಒಳಗೆ ಬಿಟ್ಟು, ಪಿನ್ನು ಹಾಕಿ, ಮೇಲೆ ದುಪಟ್ಟಾ ಸುತ್ತಿ, ಅದರ ಮೇಲೂ ಬಲಗೈ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದೆ. ಪಿನ್ನಿನ ಮೇಲೂ ನನಗೆ ನಂಬಿಕೆಯಿರಲಿಲ್ಲ.

ಅವನು ಕಾಣಿಸಿಕೊಂಡದ್ದು ಚಳಿ ಶುರುವಾದಾಗ. ಸಣಕಲು ಆಸಾಮಿ. ಮೂಗಿನವರೆಗೂ ಕರ್ಚೀಫು ಕಟ್ಟಿಕೊಂಡು, ಹೆಗಲಿಗೊಂದು ಚೀಲ ಹಾಕಿಕೊಂಡು ನನ್ನ ಹಿಂದೆಯೇ ಬರುತ್ತಿದ್ದ. ಗಂಡಸಲ್ಲವೇ, ನನ್ನನ್ನು ದಾಟಿಕೊಂಡು ಮುಂದೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ನಾನು ನಿಧಾನ ಮಾಡಿದರೆ ಅವನೂ ನಿಧಾನ. ನಾನು ಬಿರುಸಾದರೆ ಅವನೂ ಬಿರುಸು. ಮಾರನೆಯ ದಿನವೂ ಅದೇ ಕಥೆ. ಒಂದು ದಿನ ಓರೆಗಣ್ಣಿನಲ್ಲಿ ನೋಡುತ್ತೇನೆ, ಅವನ ಕೈಯಲ್ಲಿ ಮುಷ್ಟಿ ಗಾತ್ರದ ಕಲ್ಲು! ಅಯ್ಯೋ ಶಿವನೇ, ಜೀವ ಬಾಯಿಗೆ ಬಂತು. ಮುಖ ಮುಚ್ಚಿಕೊಂಡಿದ್ದಾನೆ, ಕೈಯಲ್ಲಿ ಕಲ್ಲಿದೆ, ಹೆಂಗಸಿನ ಬೆನ್ನು ಬಿಡುತ್ತಿಲ್ಲ. ಇನ್ನೇನು ಸಾಕ್ಷಿ ಬೇಕು?

ಮನೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಟೆರೇಸೇ ಗತಿ. ದಾರಿ ಬದಲಿಸೋಣವೆಂದರೆ ಉಳಿದ ರಸ್ತೆಗಳನ್ನೆಲ್ಲ ಪೈಪಿಗೆಂದು ಅಗೆದು ಹಾಕಿದ್ದರು. ಓಡತೊಡಗಿದೆ. ಮಗಳ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಒಂದು ಕೈಯಲ್ಲಿ ಸರ ಹಿಡಿದು, ಹೆಜ್ಜೆ ಹೆಜ್ಜೆಗೂ ಹಿಂದೆ ತಿರುಗಿ ನೋಡುತ್ತಾ ಓಡುತ್ತಿದ್ದೆ. ಅವನೂ ಓಡುತ್ತಿದ್ದ, ಬೇವರ್ಸಿ. ಶುರುವಿನಲ್ಲಿ ಒಂದು ಶೆಡ್ಡು ದಾಟುವಷ್ಟರಲ್ಲಿ ಉಬ್ಬಸ ಬರುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆಯ ಕೊನೆಯವರೆಗೂ ನಿಲ್ಲದೆ ಓಡುತ್ತಿದ್ದೆ. ದೇಹ ಹಗುರಾಗಿತ್ತು. ಅದನ್ನು ಗಮನಿಸಲು ನನಗೆ ಪುರಸೊತ್ತೆಲ್ಲಿತ್ತು? ಎರಡೂ ಕಣ್ಣು ಬೆನ್ನ ಹಿಂದೆಯೇ ಇದ್ದವು.

ಆ ದಿನವೂ ಹಾಗೆಯೇ ಹಿಂದೆ ತಿರುಗಿದ್ದೆ. ಚರಂಡಿಯ ಚಪ್ಪಡಿಯೊಂದು ಮೇಲೆದ್ದು ನಿಂತಿತ್ತು. ಕಾಲು ತಗುಲಿದ್ದೇ ತಡ, ಧೊಪ್ಪೆಂದು ಬಿದ್ದೆ. ಸರ ಹಿಡಿದ ಕೈ ಸರ ಬಿಡಲಿಲ್ಲ, ಇನ್ನೊಂದು ಕೈಗೆ ಭಾರ ತಡೆಯಲಾಗಲಿಲ್ಲ. ಮಂಡಿ ನೆಲಕ್ಕೆ ಉಜ್ಜಿಹೋಯಿತು. ಆ ರಸ್ತೆಯ ಮಣ್ಣಿನಲ್ಲಿ ಅರ್ಧಕ್ಕರ್ಧ ಲೇತ್ ಮಷೀನಿನ ಕಬ್ಬಿಣದ ಚೂರುಗಳೇ. ಚೂಡಿದಾರ ಹರಿದು ರಕ್ತ ಸುರಿಯುತ್ತಿತ್ತು. ನೋವಿಗಿಂತ ಮೊದಲು ನೆನಪಾದದ್ದು ಅಮ್ಮ. ಅಷ್ಟರಲ್ಲಿ ದಡದಡನೆ ಹೆಜ್ಜೆ ಸದ್ದು ಹತ್ತಿರ ಬಂತು.

"ಎದಿ ನೋವು ಬಂತೇನ್ರೀ ಅಕ್ಕಾರ?" ಎಂದು ಅವನು ಬಗ್ಗಿದ.

"ಮುಟ್ಟಬೇಡ! ಕಳ್ಳ! ಕಳ್ಳ!" ಎಂದು ಕಿರುಚಿದೆ. ನನ್ನ ಗಂಟಲು ನಮ್ಮ ಬೀದಿಯಲ್ಲೇ ಹೆಸರುವಾಸಿ. ಎದುರಿನ ಕಾರ್ಖಾನೆಯ ವಾಚ್‌ಮನ್ ಲಾಠಿ ಸಮೇತ ಓಡಿ ಬಂದು ಅವನ ಕಾಲರ್ ಹಿಡಿದ. "ಅಮ್ಮಾ, ಸರ ಇದ್ಯಾ ನೋಡ್ಕೊಳ್ಳಿ ಮೊದ್ಲು."

ಸರ ನನ್ನ ಮುಷ್ಟಿಯಲ್ಲೇ ಇತ್ತು.

"ಮತ್ತೆ ಕಲ್ಲು ಯಾಕೋ ಇಟ್ಕೊಂಡಿದೀಯಾ?" ಎಂದು ವಾಚ್‌ಮನ್ ಗದರಿದ.

"ನಾಯಿಗೆ ಇಟ್ಕೊಂಡೀನ್ರೀ ಸಾಹೇಬ್ರ," ಎಂದು ಅವನು ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸಿದ. ಹಲ್ಲಿನ ಗುರುತು ಕಪ್ಪಗೆ ಕೂತಿತ್ತು. "ಆ ಮೂಲ್ಯಾಗಿನ ನಾಯಿ ಕಡದಾವ್ರೀ. ಅಕ್ಕಾರ ಗುರ್ತ ಐತ್ರಿ ಅವಕ್ಕ, ಅವರ ಹಿಂದ ಹೋದ್ರ ಸುಮ್ಮ ಇರ್ತಾವ. ಶಿಫ್ಟಿಗೆ ಹೊಂಟೀನ್ರೀ, ಬಿಡ್ರೀ." ಆಮೇಲೆ ನನ್ನ ಕಡೆ ಕೈ ತೋರಿಸಿ, "ಅಕ್ಕಾರು ದಿನಾ ಎದಿ ಹಿಡ್ಕೊಂಡ ಓಡ್ತಾರ್ರೀ. ಎಲ್ಯರ ಬಿದ್ದ್ರ ಹೆಂಗಂತ ನಾನೂ ಮುಂದ ಹೋಗ್ತಿದ್ದಿಲ್ಲ" ಎಂದ.

ಎದೆ ಹಿಡಿದುಕೊಂಡು! ನಾನು ಸರ ಹಿಡಿದದ್ದು ಅವನಿಗೆ ಎದೆನೋವಿನಂತೆ ಕಂಡಿತ್ತಂತೆ. ಎಂಥ ಕಥೆ ಕಟ್ಟುತ್ತಾನೆ ನೋಡು ಎಂದುಕೊಂಡೆ. ಸೈರನ್ ಕೂಗಿತು. ವಾಚ್‌ಮನ್ ಕಾಲರ್ ಬಿಟ್ಟ. ಅವನು ಚೀಲ ಎತ್ತಿಕೊಂಡು ಓಡಿಹೋದ. ಕಲ್ಲು ಅಲ್ಲೇ ಬಿದ್ದಿತ್ತು.

ಮನೆಯಲ್ಲಿ ರಾಮಾಯಣವೇ ಆಯಿತು. "ನಾನು ಹೇಳಿರ್ಲಿಲ್ವಾ? ಇನ್ಮೇಲೆ ಟೆರೇಸು, ಅಷ್ಟೇ" ಎಂದರು ನಮ್ಮನೆಯವರು. ನನ್ನ ಗಮನವೆಲ್ಲ ಮಂಡಿಯ ಮೇಲಿತ್ತು. ಇಂಜೆಕ್ಷನ್ ಹಾಕಿಸಿಕೊಂಡು ಬಂದರೂ, ಪಟ್ಟಿ ಬಿಚ್ಚಿದಾಗಲೆಲ್ಲ ಗಾಯವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಂಚು ಕೆಂಪಾಗಿದೆಯೇ? ಕೀವು ಕಟ್ಟಿದೆಯೇ? ಮೂಸಿಯೂ ನೋಡುತ್ತಿದ್ದೆ. ಅಮ್ಮನ ಗಾಯದ ವಾಸನೆ ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಭಯಕ್ಕೆ ಅತ್ತೂ ಬಿಟ್ಟಿದ್ದೇನೆ.

ಗಾಯ ಒಣಗಿತು. ಮೊದಲು ನಂಬಲಿಲ್ಲ, ಒಳಗೆ ಏನೋ ಉಳಿದಿರಬೇಕೆಂದು ಒತ್ತಿ ನೋಡಿದೆ. ಹಕ್ಕಳೆ ಕಟ್ಟಿ, ಉದುರಿ, ಕೆಳಗೆ ಹೊಸ ಚರ್ಮ ಬಂದಿತ್ತು. "ಶುಗರ್ ಚೆನ್ನಾಗಿ ಇಳಿದಿದೆಯಲ್ಲಮ್ಮಾ, ಅದಕ್ಕೇ ಬೇಗ ಮಾಯ್ತು. ಏನು ಮಾಡಿದ್ರಿ?" ಎಂದು ಡಾಕ್ಟರು ಕೇಳಿದರು. ಏನೆಂದು ಹೇಳಲಿ? ಒಬ್ಬ ಕಳ್ಳ ಅಟ್ಟಿಸಿಕೊಂಡು ಬರುತ್ತಿದ್ದ ಎನ್ನಲೇ? ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಅವನ ಮೀನಖಂಡದ ಹಲ್ಲಿನ ಗುರುತೇ ನೆನಪಾಗುತ್ತಿತ್ತು.

ಮತ್ತೆ ಓಡಲೇಬೇಕು ಎಂದು ನಮ್ಮನೆಯವರ ಜೊತೆ ಜಗಳಕ್ಕೆ ನಿಂತೆ. "ಸರ?" ಎಂದರು ಅವರು. ಅಷ್ಟರಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತದೆ ಹೇಳಿದರು. "ಸರಕ್ಕಲ್ವೇನೋ ಇಷ್ಟೆಲ್ಲಾ ರಂಪ? ಬಿಚ್ಚಿಡಮ್ಮ ಅದನ್ನ. ತಾಳೀನ ಅರಿಶಿನ ದಾರಕ್ಕೆ ಕಟ್ಕೋ. ನಾವೆಲ್ಲಾ ದಾರದಲ್ಲೇ ಸಂಸಾರ ಮಾಡ್ಲಿಲ್ವಾ?"

ಎಂದೂ ನನ್ನ ಪರ ಮಾತಾಡದ ಅತ್ತೆಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ ಉಕ್ಕಿತು? ಬಿಚ್ಚಿಟ್ಟ ಸರ ನಾದಿನಿಯ ಕತ್ತಿಗೆ ಹೋಗುವ ಉಪಾಯವಿರಬೇಕೆಂದು ಕಿವಿ ನೆಟ್ಟಗಾಯಿತು. ಆದರೂ ಅವರು ಅರಿಶಿನ ಹಚ್ಚಿದ ದಾರವನ್ನು ತಾವೇ ಹೊಸೆದು ಕಟ್ಟಿದರು. ಸರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಯನ್ನು ಚೂಡಿದಾರದ ಒಳಗೆ ಪಿನ್ನು ಮಾಡಿಕೊಂಡೆ.

ಮಾರನೆಯ ಬೆಳಿಗ್ಗೆ ಅದೇ ರಸ್ತೆ. ಎರಡೂ ಕೈ ಬೀಸಿಕೊಂಡು ಓಡಿದ್ದು ಜೀವಮಾನದಲ್ಲಿ ಅದೇ ಮೊದಲು. ಎಷ್ಟು ಹಾಯೆನಿಸಿತು! ಹಿಂದೆ ಯಾರೂ ಇರಲಿಲ್ಲ. ನೋಡಿದರೆ ಅವನು ಮುಂದಿದ್ದ, ಊಟದ ಚೀಲವನ್ನು ಎದೆಗೆ ಅವಚಿಕೊಂಡು ಹೋಗುತ್ತಿದ್ದ. ಒಂದು ಮಾತಾದರೂ ಆಡಬೇಕೆನಿಸಿತು. "ಏ ತಮ್ಮಾ, ನಿಲ್ಲಪ್ಪಾ!" ಎಂದು ಕೂಗಿದೆ.

ಅವನು ತಿರುಗಿ ನೋಡಿದ. ನನ್ನ ಗುರುತು ಹತ್ತಿತು. ಓಟ ಕಿತ್ತ. ಮತ್ತೆ ತಿರುಗಿ ನೋಡಿದ, ಇನ್ನೂ ಜೋರಾಗಿ ಓಡಿದ. ನಾನೂ ಬಿಡಲಿಲ್ಲ. ಅವನು ಮೂರನೆಯ ಸಲ ತಿರುಗುವ ಹೊತ್ತಿಗೆ ಆ ಚಪ್ಪಡಿ ಕಾಲ ಬುಡದಲ್ಲಿತ್ತು.

"ಹಿಂದೆ ನೋಡ್ಬೇಡ್ವೋ! ಮುಂದೆ ನೋಡ್ಕೊಂಡ್ ಓಡು, ಬೀಳ್ತೀಯಾ!" ಎಂದು ಅರಚಿದೆ.

ಅವನು ಮುಂದೆ ನೋಡಿದ, ಚಪ್ಪಡಿ ಹಾರಿದ. ಆದರೆ ಮೂಲೆಯಲ್ಲಿ ನಾಯಿಗಳು ಎದ್ದು ಮೈ ಕೊಡವುತ್ತಿದ್ದವು. ಅವನು ಗಕ್ಕನೆ ನಿಂತ. ನಾಯಿಗಳನ್ನು ನೋಡಿದ, ನನ್ನನ್ನು ನೋಡಿದ. ಎರಡರಲ್ಲಿ ಯಾವುದು ವಾಸಿ ಎಂದು ಲೆಕ್ಕ ಹಾಕುತ್ತಿದ್ದನೆಂದು ನನ್ನ ಅನುಮಾನ. ನಾನು ಎರಡೂ ಕೈ ಮೇಲೆತ್ತಿ ತೋರಿಸಿ, "ಎದೆನೋವಿಲ್ಲ, ಬಾ" ಎಂದು ಅವನನ್ನು ದಾಟಿ ಮುಂದೆ ಹೋದೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಕೀಲಿಯನ್ನು ಮಾತ್ರ ಒಮ್ಮೆ ಮುಟ್ಟಿ ನೋಡಿಕೊಂಡೆ.