ಕಪ್ಪವೋ ಕಾಣಿಕೆಯೋ

ಮೈಸೂರಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಇತಿಹಾಸ ಹೇಳಿದ ಕಾತ್ಯಾಯಿನಿ, ನ್ಯೂಜಿಲೆಂಡಿನ ಲೋವರ್ ಹಟ್‌ಗೆ ಬಂದ ಮೇಲೆ ಮೂರು ವರ್ಷ ಸೂಪರ್ ಮಾರ್ಕೆಟ್ಟಿನಲ್ಲಿ ಬ್ರೆಡ್ಡು ಜೋಡಿಸಿದಳು. ಅದರಲ್ಲಿ ತಪ್ಪೇನಿಲ್ಲ. ಆದರೆ ಬ್ರೆಡ್ಡು ಪ್ರಶ್ನೆ ಕೇಳುವುದಿಲ್ಲವಲ್ಲ, ಅದೇ ಅವಳ ಸಂಕಟ. ಶಾಲೆಗಳೆಲ್ಲ "ಇಲ್ಲಿನ ಅನುಭವ ಇದೆಯೇ?" ಎಂದು ಕೇಳಿ ಸಾಗಹಾಕುತ್ತಿದ್ದವು. ಕೆಲಸವನ್ನೇ ಕೊಡದಿದ್ದರೆ ಅನುಭವವೇನು ಆಕಾಶದಿಂದ ಉದುರುತ್ತದೆಯೇ?

2009ರಲ್ಲಿ ಒಂದು ಶಾಲೆ ಕರೆಯಿತು. ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ. ವಿಷಯ, ನೂರು ವರ್ಷದ ಹಿಂದೆ ನ್ಯೂಜಿಲೆಂಡ್ ಬ್ರಿಟನ್ನಿಗೆ ಕೊಟ್ಟ ಯುದ್ಧನೌಕೆ.

"ಹಡಗಿನ ವಿಷ್ಯ ನಿಂಗೇನೇ ಗೊತ್ತು? ತಲಕಾಡಲ್ಲಿ ತೆಪ್ಪ ಹತ್ತಿದ್ದು ಬಿಟ್ರೆ!" ಎಂದು ಗಂಡ ವಾಸುದೇವ್ ರೇಗಿಸಿದ.

"ನಾನೇನು ಹಡಗು ಓಡ್ಸಕ್ಕೆ ಹೋಗ್ತಿದೀನಾ? ಅದನ್ನ ಯಾಕೆ ಕೊಟ್ರು ಅಂತ ಹೇಳಕ್ಕೆ ಹೋಗ್ತಿರೋದು ರೀ."

ಪಾಠ ಚೆನ್ನಾಗಿಯೇ ಶುರುವಾಯಿತು. ಉಣ್ಣೆ, ಬೆಣ್ಣೆ, ಕುರಿಮಾಂಸ ಲಂಡನ್ ಸೇರಿದರೇ ಇಲ್ಲಿನವರ ಒಲೆ ಉರಿಯುತ್ತಿದ್ದ ಕಾಲ. ಆ ಸಮುದ್ರದ ದಾರಿಗೆ ಬ್ರಿಟಿಷ್ ನೌಕಾಪಡೆಯೇ ಕಾವಲು. ಜರ್ಮನಿ ಹಡಗಿನ ಮೇಲೆ ಹಡಗು ಕಟ್ಟತೊಡಗಿದಾಗ ಇವರಿಗೆ ದಿಗಿಲಾಗಿ, ನಾವೂ ಒಂದು ಕಟ್ಟಿಸಿಕೊಡುತ್ತೇವೆ ಎಂದರು. ಇಷ್ಟು ಹೇಳಿ ಅವಳು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ನ್ಯೂಜಿಲೆಂಡಿನ ಟ್ರಿಬ್ಯೂಟ್' ಎಂದು ಬರೆದಳು. ಮನಸ್ಸಿನಲ್ಲಿದ್ದದ್ದು ಕಪ್ಪಕಾಣಿಕೆ. ಕನ್ನಡದಲ್ಲಿ ಅವೆರಡೂ ಅಂಟಿಕೊಂಡೇ ಬರುವ ಜೋಡಿ. ಅವಸರದಲ್ಲಿ ಕೈ ಕಾಣಿಕೆಯನ್ನು ಬಿಟ್ಟು ಕಪ್ಪವನ್ನು ಮಾತ್ರ ಇಂಗ್ಲಿಷಿಗೆ ತಂದಿತ್ತು.

ಹುಯಿಯಾ ಎಂಬ ಹುಡುಗಿ ಕೈ ಎತ್ತಿದಳು. "ಮಿಸ್, ಟ್ರಿಬ್ಯೂಟ್ ಅಂದ್ರೆ ಸೋತವರು ಕೊಡೋದಲ್ವಾ? ಪುಸ್ತಕದಲ್ಲಿ ಗಿಫ್ಟ್ ಅಂತಿದೆ."

ಹಿಂದೆ ಕುಳಿತಿದ್ದ ವಿಭಾಗದ ಮುಖ್ಯಸ್ಥೆ ಮಾರ್ಗರೆಟ್ ಏನೋ ಬರೆದುಕೊಂಡಳು. ಡಸ್ಟರ್ ಆಗಲೇ ಕಾತ್ಯಾಯಿನಿಯ ಕೈಗೆ ಬಂದಿತ್ತು. ಆದರೆ ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿದೆ, ಒರೆಸಿಹಾಕಲು ಮನಸ್ಸೇ ಬರಲಿಲ್ಲ.

"ತಪ್ಪು ನನ್ನದೇ," ಎಂದಳು. "ನಮ್ಮ ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷವರ್ಷವೂ ಕಪ್ಪ ಕೊಡ್ತಿತ್ತು, ಕೊಡದೆ ವಿಧಿ ಇರಲಿಲ್ಲ. ಇಲ್ಲಿ ಯಾರೂ ಕೇಳದೆ ತಾವಾಗಿ ಕೊಟ್ಟರು. ಆದರೆ ಭಯಪಟ್ಟು ಕೊಟ್ಟದ್ದನ್ನ ಗಿಫ್ಟ್ ಅನ್ನಬಹುದಾ? ನೀವೇ ಹೇಳಿ."

ತರಗತಿ ಎರಡು ಪಾಳಯವಾಯಿತು. ಒಬ್ಬ ಅದನ್ನು ಪ್ರೀತಿ ಎಂದ, ಇನ್ನೊಬ್ಬ ಇನ್ಶೂರೆನ್ಸ್ ಎಂದ. ಹಡಗು ಕೊನೆಗೆ ಈ ಕಡೆಯ ಸಮುದ್ರ ಕಾಯದೆ ದೂರದ ಉತ್ತರ ಸಮುದ್ರದಲ್ಲಿ ಕಾದಾಡಿತು ಎಂದು ಕಾತ್ಯಾಯಿನಿ ಹೇಳಿದಾಗ, ಹಾಗಾದರೆ ಟ್ರಿಬ್ಯೂಟೇ ಸರಿ ಎಂದು ಹುಯಿಯಾ ಮೇಜು ಗುದ್ದಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕಾರಿಡಾರಿನಲ್ಲಿ ಮಾರ್ಗರೆಟ್ ಹಿಂದೆಯೇ ಬಂದಳು. "ಸೋಮವಾರ ಇದೇ ತರಗತಿ. ಜಗಳ ಹಚ್ಚಿದವರೇ ಬಂದು ಮುಗಿಸಬೇಕು."

"ಒಂದು ದಿನದಲ್ಲಿ ಮುಗಿಯೋ ಜಗಳ ಅಲ್ಲ ಇದು," ಎಂದಳು ಕಾತ್ಯಾಯಿನಿ, ಇನ್ನೂ ಪಾಠದ ಗುಂಗಿನಲ್ಲೇ.

"ಗೊತ್ತು," ಎಂದು ಮಾರ್ಗರೆಟ್ ನಕ್ಕಳು. "ಅದಕ್ಕೇ ಕೆಲಸ ಪರ್ಮನೆಂಟು."