ಪುಟ್ಟಗಂಗಮ್ಮ ಬಿಟ್ಟ ಎಲೆಯಡಿಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಂಗಳೂರಿನ ಅಂಚಿನಲ್ಲಿ, ತುಮಕೂರು ರಸ್ತೆಯ ನೆತ್ತಿಯ ಮೇಲೆ ನಿಂತ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೂಲೆಯಲ್ಲಿ ಪುಟ್ಟಗಂಗಮ್ಮ ಕುಕ್ಕರಗಾಲಲ್ಲಿ ಕೂತು ಗೋಡೆ ಉಜ್ಜುತ್ತಿದ್ದಾರೆ. ಯಾರೋ ಪುಣ್ಯಾತ್ಮರು ಬಿಳಿ ಗೋಡೆಗೆ ಎಲೆಯಡಿಕೆ ಉಗಿದು ಹೋಗಿದ್ದಾರೆ. "ಒಣಗಿದ್ರೆ ಬುಡಾಕಿಲ್ಲ ಸಾ. ಮೊದಲ್ನೇ ಟ್ರೈನ್ ಬರೋದ್ರೊಳಗೆ ತೊಳ್ದ್‌ಬುಡ್ಬೇಕು" ಎನ್ನುತ್ತಾರೆ.

ತುಮಕೂರು ಕಡೆಯ ಬೆಳ್ಳಾವಿಯ ಈ ಹೆಂಗಸಿಗೆ ಐವತ್ತು ದಾಟಿದೆ. ಗಂಡ ತೆಂಗಿನ ಮರದಿಂದ ಬಿದ್ದು ಮೂಲೆ ಹಿಡಿದ ಮೇಲೆ ಗುತ್ತಿಗೆ ಕೆಲಸಕ್ಕೆ ಸೇರಿದರು. ವಾರವೆಲ್ಲ ಇಲ್ಲೇ ಬಾಡಿಗೆ ಕೋಣೆ, ರಜೆಗೆ ಊರು. ಊರಿಂದ ತಂದ ಒಂದೇ ಚಟ ಎಲೆಯಡಿಕೆ. ಉಗಿಯಬೇಕಾದಾಗ ಅಷ್ಟೂ ಮೆಟ್ಟಿಲಿಳಿದು ಚರಂಡಿ ಹುಡುಕುತ್ತಿದ್ದರು.

ಹೋದ ವರ್ಷ ದೊಡ್ಡ ಸಾಹೇಬರು ತಪಾಸಣೆಗೆ ಬಂದ ಬೆಳಗ್ಗೆ ಇದೇ ಗೋಡೆಯ ಮೇಲೆ ಹಸಿ ಕಲೆಯಿತ್ತು. ಊರ ಮಂದಿಯೆಲ್ಲ ಹತ್ತಿಳಿಯುವ ಜಾಗ. ಆದರೂ ಸೂಪರ್‌ವೈಸರ್ ಕಣ್ಣಿಗೆ ಬಿದ್ದದ್ದು ಈಕೆಯ ಕೆಂಪು ಬಾಯಿ. "ಇವಳೇ ಸಾರ್" ಎಂದವನೇ ಸೊಂಟದ ಎಲೆಯಡಿಕೆ ಚೀಲ ಕಿತ್ತು ಎಲ್ಲರೆದುರು ಕಸದ ಬುಟ್ಟಿಗೆ ಎಸೆದ. ಬಡವರ ಬಾಯಿ ಕೆಂಪಗಿದ್ದರೆ ಬೇರೆ ಸಾಕ್ಷಿ ಯಾಕೆ ಬೇಕು?

"ನಾನಲ್ಲ ಅಂದೆ, ಯಾರ್ ಕೇಳ್ತಾರೆ? ಅವತ್ತೇ ಎಲೆಯಡ್ಕೆ ಬುಟ್ಬುಟ್ಟೆ. ಇನ್ಮೇಲೂ ಕಲೆ ಬಿದ್ರೆ ಅವ್ರಿಗೇ ಗೊತ್ತಾಗ್ಲಿ ಅಂತ." ಕಲೆ ಇವತ್ತಿಗೂ ಬೀಳುತ್ತಲೇ ಇದೆ. ತಪ್ಪಾಯಿತು ಎಂದವರು ಮಾತ್ರ ಒಬ್ಬರೂ ಇಲ್ಲ.

ಮೊನ್ನೆ ಗುಬ್ಬಿಯಲ್ಲಿ ಮಗಳು ತನುಶ್ರೀಯ ವೀಳ್ಯಶಾಸ್ತ್ರವಾಯಿತು. ಹುಡುಗ ನಾಗೇಶ್ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾನೆ. ಅವನ ತಾಯಿ ಹನುಮಂತಮ್ಮ ತಾವೇ ಎಲೆಗೆ ಸುಣ್ಣ ಸವರಿ, ಮಡಿಸಿ ಕೊಟ್ಟರು. ಪುಟ್ಟಗಂಗಮ್ಮ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರೇ ಹೊರತು ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆಳಗಾದರೆ ಡ್ಯೂಟಿ, ತುಟಿಯಲ್ಲಿ ಕೆಂಪು ಉಳಿದರೆ?

"ಯಾಕವ್ವಾ, ನಮ್ ಕೈಯಿಂದು ಸೇರಾಕಿಲ್ವಾ?" ಎಂದು ಬೀಗಿತ್ತಿ ಕೇಳಿಯೇಬಿಟ್ಟರು.

"ಹಲ್ ನೋವು ಕಣಕ್ಕಾ ಅಂದೆ. ಇಂಗಿಂಗೆ ಮಾನ ಕಳೆದ್ರು ಅಂತ ಬೀಗರ ಮುಂದೆ ಹೆಂಗೇಳ್ಲಿ ಸಾ?" ಎನ್ನುತ್ತಾ ಬ್ರಷ್ಷನ್ನು ಮತ್ತೆ ನೀರಿಗೆ ಅದ್ದುತ್ತಾರೆ. ಅಂದಿನಿಂದ ಬೀಗಿತ್ತಿಯ ಮಾತು ಅಷ್ಟಕ್ಕಷ್ಟೆ.

ಅಷ್ಟರಲ್ಲಿ ಸೂಪರ್‌ವೈಸರ್ ಮೆಟ್ಟಿಲು ಹತ್ತಿ ಬರುತ್ತಾನೆ. ಅರ್ಧ ತೊಳೆದ ಗೋಡೆ ನೋಡಿ, "ಎಲ್ಲಿ, ಬಾಯ್ ತೆಗಿ" ಎನ್ನುತ್ತಾನೆ. ಪುಟ್ಟಗಂಗಮ್ಮ ಎದ್ದು ನಿಂತು ಬಾಯಿ ತೆರೆದು ತೋರಿಸುತ್ತಾರೆ. ಅವನು ಇಣುಕಿ ನೋಡಿ ಒಳಗೆ ಹೋಗುತ್ತಾನೆ.

"ದಿನಾ ಇಂಗೇ ನೋಡ್ತಾರೆ ಸಾ" ಎನ್ನುತ್ತಾರೆ ಅವರು, ಮತ್ತೆ ಕುಕ್ಕರಗಾಲಲ್ಲಿ ಕೂರುತ್ತಾ. "ನೋಡಿದ್ಮೇಲೆ, ನೀನಲ್ಲ ಕಣಮ್ಮ ಅಂತ ಒಂದ್ಸಲ ಅಂದ್ರೆ ಸಾಕು. ಮಗಳ ಮದ್ವೇಲಿ ಬೀಗಿತ್ತಿ ಕೈಯಿಂದ ಎಲೆ ಈಸ್ಕಂಡು, ಎಲ್ರ ಮುಂದೆ ಹಾಕ್ಕತೀನಿ."