ಸೊನ್ನೆ ತಾರೀಖಿನಂದು ಹುಟ್ಟಿದವರು

ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬ ವ್ರತವನ್ನು ಭೀಷ್ಮನಿಗೆ ಸರಿಸಾಟಿಯಾಗಿ ಪಾಲಿಸಿದವರು ಸಾಂಗ್ಲಿಯ ಯಶವಂತ ಖಾಸನೀಸರೊಬ್ಬರೇ. ಅವರ ಮನೆಯ ಫ್ಯಾನು ಗರಗರ ಎನ್ನುತ್ತಲೇ ಎರಡು ತಲೆಮಾರನ್ನು ಮಲಗಿಸಿದೆ. ಎಣ್ಣೆ ಬಿಡಲು ಬಂದವನಿಗೆ ಚಹಾ ಕುಡಿಸಿ ಸಾಗಹಾಕಿದರಂತೆ. ಕೃಷ್ಣೆಗೆ ನೆರೆ ಬಂದು ಊರೆಲ್ಲ ಸಾಮಾನು ಮಹಡಿಗೇರಿಸುತ್ತಿದ್ದಾಗಲೂ ಸರಿಯಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಅವರು ಅಲುಗಿಸಲಿಲ್ಲ. ನೀರು ಗಡಿಯಾರದ ಗೇಣು ಕೆಳಗಿನ ತನಕ ಬಂದು, ನಾಚಿ ಹಿಂದೆ ಸರಿಯಿತು ಎನ್ನುತ್ತಾರೆ.

ಇಂಥ ಮಹಾಪುರುಷರ ಕೈಯಲ್ಲಿತ್ತು ವಧು-ವರ ಸೂಚಕ ಮಂಡಳದ ವೆಬ್‌ಸೈಟು. ಅದನ್ನು ಕಟ್ಟಿಕೊಟ್ಟವನು ಮಿಸಳ ತಿಂಡಿಯ ಅಂಗಡಿ ಹಾಕಿಕೊಂಡು ಸುಖವಾಗಿದ್ದ. ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಯವರು ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಹಗಲು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ, ಸಂಜೆ ಸೈಟು ನಡೆಯುತ್ತಿದೆಯೇ ಎಂದು ಇಣುಕಿ ನೋಡುವುದು, ಇಷ್ಟೇ ಖಾಸನೀಸರ ದಿನಚರಿ.

ಒಂದು ದಿನ ಕಂಪನಿಯಿಂದ ಇಮೇಲ್ ಬಂತು: ‘ನಿಮ್ಮ ಡೇಟಾಬೇಸಿನ ಆವೃತ್ತಿ ತೀರ ಹಳೆಯದು. ಗುರುವಾರ ಬದಲಿಸುತ್ತೇವೆ. ನೀವು ಏನೂ ಮಾಡಬೇಕಿಲ್ಲ. ಏನೂ ಮಾಡದಿದ್ದರೆ ಸೈಟು ಕೆಡಬಹುದು.’

ಮೂರನೆಯ ವಾಕ್ಯ ಖಾಸನೀಸರ ಎದೆಗೆ ತಂಪೆರೆಯಿತು. ನಾಲ್ಕನೆಯದನ್ನು ಬೇರೆ ಯಾರಿಗೋ ಬರೆದಿರಬೇಕು ಎಂದುಕೊಂಡರು.

ಶುಕ್ರವಾರ ಬೆಳಿಗ್ಗೆ ಮಂಡಳದ ಅಧ್ಯಕ್ಷೆ ಕುಸುಮ ಭಡಕಮಕರರ ಫೋನು. ಊರಿಗೆಲ್ಲ ಆಕೆ ಕಾಕೂ, ಚಿಕ್ಕಮ್ಮ.

“ಖಾಸನೀಸ, ನಮ್ಮ ಕೇತಕಿ ಎಲ್ಲಿ ಹೋದ್ಳು?”

“ಮಗಳು ಮನ್ಯಾಗಿಲ್ಲೇನ್ರಿ ಕಾಕೂ?”

“ಮನ್ಯಾಗಿದ್ದಾಳ, ಪೋಹೆ ತಿನ್ನಾಕತ್ಯಾಳ! ಸೈಟಿನ್ಯಾಗಿಲ್ಲ. ಆದಿತ್ಯವಾರ ವಧು-ವರರ ಮೇಳಾವಾ, ಮಿರಜದವರು ಅವಳ ಮಾಹಿತಿ ನೋಡಾಕ ಬರ್ತಾರ. ಇಂಥಾ ಮನೆತನ ಮತ್ತ ಸಿಗೂದಿಲ್ಲ.”

ಖಾಸನೀಸರು ತಡಕಾಡಿದರು. ಕೇತಕಿಯೊಬ್ಬಳೇ ಅಲ್ಲ, ‘ಪತ್ರಿಕೆ ನೋಡುವುದಿಲ್ಲ’, ಅಂದರೆ ಜಾತಕ ಬೇಡ, ಎಂದು ಬರೆಸಿದವರೆಲ್ಲ ಮಾಯವಾಗಿದ್ದರು. ಜಾತಕವಿದ್ದವರು ಮಾತ್ರ ಗ್ರಹಬಲದಿಂದ ಪಾರಾದವರಂತೆ ನಗುತ್ತಾ ಕೂತಿದ್ದರು.

ಕಾಕೂ ಸಿಡಿದರು. “ಜನ್ಮಾ ಪೂರ್ತಿ ಜೋತಿಷಿಗಳ ಜೋಡಿ ಜಗಳಾಡೇನಿ. ಈಗ ನಿಮ್ಮ ಕಂಪ್ಯೂಟರನೂ ಅವರ ಪಕ್ಷ ಸೇರ್ತೇನು?”

ಇರಬಹುದೇನೋ ಎಂದು ಖಾಸನೀಸರಿಗೂ ಅನ್ನಿಸಿತು. ಹೊಸ ಆವೃತ್ತಿಯಲ್ಲಿ ಏನೇನು ತುಂಬಿದ್ದಾರೋ, ಬಲ್ಲವರಾರು? ಕಂಪನಿಗೆ ಫೋನು ಹಚ್ಚಿದರು. ಅತ್ತ ಕಡೆಯ ಹುಡುಗಿ ಬಹಳ ವಿನಯವಂತೆ.

“ಸರ್, ಹಳೇ ಪ್ರತಿ ನಮ್ಮ ಹತ್ರ ನಾಳೆ ತನಕ ಇರುತ್ತೆ. ಈ ಕೇತಕಿ ಅನ್ನೋರ ಜನ್ಮದಿನಾಂಕದಲ್ಲಿ ಬರೀ ಸೊನ್ನೆಗಳಿವೆ. ಇವರು ಹುಟ್ಟಿದ್ದಾರಾ ಸರ್?”

“ಹುಟ್ಯಾಳವ್ವ! ಹೆಣ್ಣಾತು ಅಂತ ಬರ್ಫಿ ಹಂಚಿದ್ರು, ನಾನ ತಿಂದೇನಿ.”

“ಹಳೇ ಆವೃತ್ತಿ ಸೊನ್ನೆ ತಾರೀಖನ್ನ ಸುಮ್ನೆ ನುಂಗ್ಕೊಳ್ತಿತ್ತು. ಹೊಸದು ಒಪ್ಪಲ್ಲ. ಆ ಹೆಸರುಗಳನ್ನೆಲ್ಲ ಬಿಟ್ಟುಬಿಟ್ಟಿದೆ.”

ಸೊನ್ನೆ ಹಾಕಿಸಿದ್ದು ಸ್ವತಃ ಕಾಕೂ. ತಾರೀಖು ಸಿಕ್ಕರೆ ಸಾಕು, ಪತ್ರಿಕೆ ಬೇಡವೆಂದವರೂ ಕದ್ದು ಕುಂಡಲಿ ಬರೆಸುತ್ತಾರೆ. ವಯಸ್ಸು ಮಾತ್ರ ಹೇಳಿ, ತಾರೀಖಿನ ಮನೆಗೆ ಸೊನ್ನೆ ತುಂಬಿ ಎಂಬುದು ಆಕೆಯ ಕಟ್ಟಪ್ಪಣೆ. ವಿಷಯ ತಿಳಿಸಿ ಖಾಸನೀಸರು ಮೆಲ್ಲಗೆ ಕೇಳಿದರು, “ಖರೇ ತಾರೀಖು ಹಾಕಿಬಿಡ್ಲೇನ್ರಿ?”

“ಹಾಕ್ರಿ! ಸಂಜಿಯೊಳಗ ಮಿರಜದವರು ಜೋತಿಷಿ ಮನಿ ಕಟ್ಟಿ ಮ್ಯಾಲೆ ಕುಂತಿರ್ತಾರ. ಆಮ್ಯಾಲೆ ಮಂಗಳನ ಕಾಟ ಅಂತ ನೀವ ಬಂದು ನನ್ನ ಮಗಳಿಗೆ ಹೇಳ್ರಿ!”

ಖಾಸನೀಸರು ಮತ್ತೆ ಕಂಪನಿಯ ಮೊರೆ ಹೊಕ್ಕರು.

“ಹಾಗಾದ್ರೆ ಖಾಲಿ ಬಿಡಿ ಸರ್,” ಎಂದಳು ಹುಡುಗಿ.

“ಸೊನ್ನಿ ಅಂದ್ರ ಖಾಲಿನೇ ಅಲ್ಲೇನವ್ವ?”

“ಅಲ್ಲ ಸರ್. ಸೊನ್ನೆ ಅಂದ್ರೆ ಸೊನ್ನೆ ತಾರೀಖಿಗೆ ಹುಟ್ಟಿದಾರೆ ಅಂತ ಹೇಳಿದ ಹಾಗೆ. ಖಾಲಿ ಅಂದ್ರೆ ಏನೂ ಹೇಳದ ಹಾಗೆ.”

“ಏನೂ ಹೇಳಲಿಲ್ಲಂದ್ರ ಒಪ್ತದ?”

“ಒಪ್ಪುತ್ತೆ ಸರ್. ಹಳೇ ಪ್ರತಿಯಲ್ಲಿ ನೀವು ತಿದ್ದಿಕೊಡಿ, ನಾವು ಮತ್ತೊಮ್ಮೆ ಹೊಸದಕ್ಕೆ ಸಾಗಿಸ್ತೀವಿ.”

ತಿದ್ದುವುದೆಂದರೆ ಮುಟ್ಟುವುದು. ಶನಿವಾರ ಬ್ಯಾಂಕಿಗೆ ರಜೆ ಹಾಕಿ, ಗಣಪತಿಗೆ ಕೈಮುಗಿದು, ಖಾಸನೀಸರು ಕುರುಕ್ಷೇತ್ರಕ್ಕಿಳಿದರು. ಒಂದೊಂದೇ ಹೆಸರು ತೆರೆದು, ಸೊನ್ನೆಗಳನ್ನು ಅಳಿಸಿ, ಉಸಿರು ಬಿಗಿಹಿಡಿದು ಮುಂದಿನದಕ್ಕೆ ಹೋದರು. ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟಿತು.

ಭಾನುವಾರ ಮೇಳಾವಾದ ದೊಡ್ಡ ಪರದೆಯ ಮೇಲೆ ಕೇತಕಿ ಪ್ರತ್ಯಕ್ಷಳಾದಳು. ಮಿರಜದ ಹುಡುಗನ ತಾಯಿ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಓದಿ, “ಹುಡುಗಿನ್ನ ಕರೀರಿ, ಮಾತಾಡೋಣು” ಎಂದರು.

ಕಾಕೂ ಮೈಕು ಹಿಡಿದೇಬಿಟ್ಟರು. “ಯಂತ್ರದ ತಲಿಯೊಳಗ ಹೊಕ್ಕಿದ್ದ ಮೂಢನಂಬಿಕಿನ ಹೊರಗ ಹಾಕಿದ ವೀರರು ಇಲ್ಲೇ ಇದ್ದಾರ! ಹೇಳ್ರಿ ಖಾಸನೀಸ, ಹ್ಯಾಂಗ ಗೆದ್ರಿ?”

ಮೈಕು ಖಾಸನೀಸರ ಮೂಗಿಗೆ ಬಂದು ತಾಗಿತು.

“ಸೊನ್ನಿ ಅಳಿಸಿ ಖಾಲಿ ಬಿಟ್ಟೆ ಕಾಕೂ. ಎರಡಕ್ಕೂ ಏನು ಫರಕು ಅಂತ ನನಗಿನ್ನೂ ತಿಳಿದಿಲ್ಲ.”